ಅಂಗಡಿ ಲೆಕ್ಕದ ತಂತ್ರಾಂಶಕ್ಕೆ ನೋಂದಣಿ ಮತ್ತು ನಕಲು ತಡೆ ಅಳವಡಿಸುವ ಕ್ರಮ

ವಿಜಯಪುರದ ಒಣದ್ರಾಕ್ಷಿ ದಲಾಲಿ ಅಂಗಡಿಯೊಂದಕ್ಕೆ ನಾನು ಬರೆದುಕೊಟ್ಟ ಲೆಕ್ಕದ ತಂತ್ರಾಂಶವು ಒಂದೇ ಸುಗ್ಗಿಯಲ್ಲಿ, ಒಂದು ಪೆನ್ ಡ್ರೈವ್ ಮೂಲಕ, ಅದೇ ಸಾಲಿನ ಇನ್ನೂ ನಾಲ್ಕು ಅಂಗಡಿಗಳನ್ನು ಸೇರಿತ್ತು. ಅವರಲ್ಲೊಬ್ಬರು ಯಾವ ಅಳುಕೂ ಇಲ್ಲದೆ ನನಗೇ ಫೋನ್ ಮಾಡಿ, "ಬಿಲ್ಲಿನ ಮ್ಯಾಲ ಬ್ಯಾರೇದವರ ಹೆಸರು ಬರಾಕತ್ತೈತ್ರಿ, ನಮ್ದು ಹಾಕಿಕೊಡ್ರಿ" ಎಂದು ಕೇಳಿದರು. ನಾವು ತಡೆಯಬೇಕಾದದ್ದು ಇಂತಹ ಮುಗ್ಧ ನಕಲನ್ನೇ ಹೊರತು, ಹಟ ಹಿಡಿದು ಬೀಗ ಒಡೆಯುವ ಪರಿಣತನನ್ನಲ್ಲ; ಅವನನ್ನು ತಡೆಯುವ ಬೀಗ ನನಗಂತೂ ಇದುವರೆಗೆ ಸಿಕ್ಕಿಲ್ಲ.

ಅಂಕಿಗಳನ್ನು ಕೂಡಿಸಿ ತಾಳೆ ನೋಡುವ ಹಳೆಯ ಮಾದರಿಯ ಲೈಸೆನ್ಸ್ ಕೀ (ತಂತ್ರಾಂಶ ತೆರೆಯಲು ಕೊಡುವ ಗುಪ್ತ ಸಂಖ್ಯೆ) ಬೇಡ. ತಾಳೆ ನೋಡುವ ಸೂತ್ರ ತಂತ್ರಾಂಶದೊಳಗೇ ಇರುವುದರಿಂದ, ಅದನ್ನು ಬಿಡಿಸಿ ನೋಡಿದವನು ಬೇಕಾದಷ್ಟು ಕೀಗಳನ್ನು ತಾನೇ ತಯಾರಿಸಬಲ್ಲ. ಅದರ ಬದಲು ಡಿಜಿಟಲ್ ಸಹಿಯನ್ನು ಬಳಸಿರಿ. ಅದಕ್ಕೆ ಜೋಡಿ ಕೀಲಿಗಳಿರುತ್ತವೆ: ಸಹಿ ಮಾಡುವ ಖಾಸಗಿ ಕೀಲಿ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರಲಿ, ಆ ಸಹಿಯನ್ನು ಪರೀಕ್ಷಿಸುವ ಸಾರ್ವಜನಿಕ ಕೀಲಿ ತಂತ್ರಾಂಶದೊಳಗೆ ಇರಲಿ. ಅಂಗಡಿಯ ಹೆಸರು, ಯಂತ್ರದ ಗುರುತು ಮತ್ತು ಅವಧಿ, ಈ ಮೂರನ್ನೂ ಒಂದು ಲೈಸೆನ್ಸ್ ಕಡತದಲ್ಲಿ ಬರೆದು ಸಹಿ ಮಾಡಿರಿ; ಬಿಲ್ಲಿನ ಮೇಲಿನ ಹೆಸರು ಆ ಕಡತದಿಂದಲೇ ಮುದ್ರಣವಾಗಲಿ. ಹೆಸರಿನ ಒಂದಕ್ಷರ ತಿದ್ದಿದರೂ ಸಹಿ ಕೂಡುವುದಿಲ್ಲ, ಮತ್ತೊಬ್ಬರ ಹೆಸರಿನ ಬಿಲ್ಲನ್ನು ಯಾವ ವ್ಯಾಪಾರಿಯೂ ರೈತನ ಕೈಗೆ ಕೊಡುವುದಿಲ್ಲ.

ಯಂತ್ರದ ಗುರುತಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಮದರ್‌ಬೋರ್ಡ್, ಹಾರ್ಡ್ ಡಿಸ್ಕ್ ಮತ್ತು ನೆಟ್‌ವರ್ಕ್ ಕಾರ್ಡ್‌ಗಳ ಸಂಖ್ಯೆಗಳನ್ನು ಒಟ್ಟಿಗೆ ಸೇರಿಸಿ ಒಂದೇ ಹ್ಯಾಶ್ (ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ ಗಿಡ್ಡ ಸಂಕೇತ) ಮಾಡಿದರೆ, ಡಿಸ್ಕ್ ಒಂದನ್ನು ಬದಲಿಸಿದ ಮಾತ್ರಕ್ಕೆ ಗುರುತು ಪೂರ್ತಿ ಬದಲಾಗುತ್ತದೆ. ಆದ್ದರಿಂದ ಮೂರನ್ನೂ ಬೇರೆ ಬೇರೆಯಾಗಿ ಹ್ಯಾಶ್ ಮಾಡಿ, ಎರಡು ಹೊಂದಿದರೂ ಸಾಕೆಂದು ಒಪ್ಪಿಕೊಳ್ಳಿರಿ. ಗುರುತನ್ನು ಬರೆಯಲು, ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಸೇರಿ 36 ಚಿಹ್ನೆಗಳಲ್ಲಿ ಒಂದಕ್ಕೊಂದು ಹೋಲುವ ಓ, ಐ, ಸೊನ್ನೆ ಮತ್ತು ಒಂದನ್ನು ಕೈಬಿಟ್ಟರೆ ಸರಿಯಾಗಿ 32 ಉಳಿಯುತ್ತವೆ, ಅಂದರೆ ಚಿಹ್ನೆಯೊಂದಕ್ಕೆ 5 ಬಿಟ್. ಪ್ರತಿ ಹ್ಯಾಶ್‌ನಿಂದ 5 ಚಿಹ್ನೆಗಳಂತೆ ತೆಗೆದುಕೊಂಡರೆ 15 ಚಿಹ್ನೆಗಳ ಗುರುತು ಸಿದ್ಧವಾಗುತ್ತದೆ. ಅಂಗಡಿಯ ಗುಮಾಸ್ತರು ಗದ್ದಲದ ನಡುವೆಯೂ ಅದನ್ನು ಫೋನಿನಲ್ಲಿ ನಿಮಗೆ ತಪ್ಪಿಲ್ಲದೆ ಓದಿ ಹೇಳಬಲ್ಲರು. ಲೈಸೆನ್ಸ್ ಕಡತವನ್ನು ಮಾತ್ರ ಓದಿ ಹೇಳಲಾಗದು, ಏಕೆಂದರೆ ಸಹಿಯೇ 64 ಬೈಟ್ ಇರಬಹುದು. ಅದನ್ನು ವಾಟ್ಸಾಪ್‌ನಲ್ಲಿ ಕಳುಹಿಸಿರಿ.

ಗುರುತು ಹೊಂದದಿದ್ದರೂ ತಂತ್ರಾಂಶ ಥಟ್ಟನೆ ನಿಲ್ಲಬಾರದು. ಸವಾಲು (ಹರಾಜು) ನಡೆಯುತ್ತಿರುವಾಗ ಬಿಲ್ಲು ನಿಂತುಹೋದರೆ ಹಣ ಕೊಟ್ಟವರೇ ಮೊದಲು ಬೈಯುತ್ತಾರೆ, ಬೈಯುವುದು ನ್ಯಾಯವೂ ಹೌದು. ಎಚ್ಚರಿಕೆ ತೋರಿಸಿ ಹದಿನೈದು ದಿನ ಬಿಡಿರಿ. ಆ ದಿನಗಳನ್ನು ಹಿಗ್ಗಿಸಲು ಕಂಪ್ಯೂಟರಿನ ತಾರೀಖನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಕೊನೆಯ ಬಿಲ್ಲಿನ ತಾರೀಖಿಗಿಂತ ಇಂದಿನ ತಾರೀಖು ಹಿಂದಿದ್ದರೆ ಅದು ತಾನಾಗಿ ಗೊತ್ತಾಗುತ್ತದೆ.

ಯುಎಸ್‌ಬಿ ಡಾಂಗಲ್, ಅಂದರೆ ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ತಂತ್ರಾಂಶ ನಡೆಯುವಂತೆ ಮಾಡುವ ಪುಟ್ಟ ಸಾಧನ, ಗಟ್ಟಿಯಾದ ತಡೆಯೇ, ಆದರೆ ಅದು ಕಳೆದುಹೋದರೆ ನೀವೇ ಓಡಬೇಕು. ಕಡಿಮೆ ಬೆಲೆಯ ತಂತ್ರಾಂಶಕ್ಕೆ ಅದು ಗಿಟ್ಟುವುದಿಲ್ಲ.

ಕೃತಿಸ್ವಾಮ್ಯವು ನೋಂದಣಿ ಇಲ್ಲದೆಯೂ ಬರೆದವರಿಗೆ ಇರುತ್ತದೆ, ನೋಂದಾಯಿಸಿದರೆ ಸಾಕ್ಷ್ಯವಾಗಿ ಬಲ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ನಕಲಿ ತಂತ್ರಾಂಶವೆಂದು ತಿಳಿದೂ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ವಿಧಿಸಬಹುದು. 'ತಿಳಿದೂ' ಎಂಬ ಮಾತು ಇಲ್ಲಿ ಮುಖ್ಯವಾಗಿರುವುದರಿಂದ, ಎಷ್ಟು ಕಂಪ್ಯೂಟರುಗಳಿಗೆ ಕೊಟ್ಟಿದ್ದೀರಿ ಎಂಬುದನ್ನು ರಸೀದಿಯಲ್ಲಿಯೂ ತಂತ್ರಾಂಶದ ಮೊದಲ ಪರದೆಯಲ್ಲಿಯೂ ಕನ್ನಡದಲ್ಲೇ ಬರೆಯಿರಿ.