ಹಣ ಕಾಣಿಸಿತು ಅಂದರೆ ಕೈಸೇರಿತು ಅಂತಲ್ಲ: ಆನ್‌ಲೈನ್‌ನಲ್ಲಿ ಹಳೆಯ ವಸ್ತು ಮಾರುವಾಗ ನಾನು ಪಾಲಿಸುವ ಕ್ರಮ

ಯಾವ ವಸ್ತುವನ್ನು ಮಾರಲು ಹೊರಟರೂ ನಾನು ಮೊದಲು ನೋಡುವುದು ಗಿರಾಕಿಯ ಮುಖವನ್ನಲ್ಲ, ಅವನು ಹಣ ಕೊಡುವ ದಾರಿಯನ್ನು. ಈ ದಾರಿಯಲ್ಲಿ ಬಂದ ಹಣವನ್ನು ಎಷ್ಟು ದಿನದವರೆಗೆ ವಾಪಸ್ ಎಳೆದುಕೊಳ್ಳಬಹುದು? ಮೋಸದ ಗಿರಾಕಿಗಳ ಆಟಗಳು ನೂರಾರು ಇದ್ದರೂ ಎಲ್ಲದರ ಗುರಿ ಒಂದೇ: ಹಣ ಗಟ್ಟಿಯಾಗುವ ಮೊದಲು ವಸ್ತು ನಿಮ್ಮ ಕೈಬಿಟ್ಟು ಹೋಗಬೇಕು. ಹಾಗಾಗಿ ಈ ಅವಧಿ ತಿಳಿದಿದ್ದರೆ ಎಷ್ಟು ಎಚ್ಚರ ಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆ.

ನಗದಿನಲ್ಲಿ ಖೋಟಾ ನೋಟಿನ ಭಯವೊಂದೇ. ಅದು ಅಸಲಿ ಎಂದು ಖಾತ್ರಿಯಾದರೆ ವ್ಯವಹಾರ ಅಲ್ಲಿಗೇ ಮುಗಿಯಿತು. ಬ್ಯಾಂಕ್ ವರ್ಗಾವಣೆ ನಿಮ್ಮ ಖಾತೆಯಲ್ಲಿ ಜಮಾ ಆದ ಮೇಲೆ ಸಾಮಾನ್ಯವಾಗಿ ಗಟ್ಟಿ. ಆದರೆ ಕದ್ದ ಖಾತೆಯಿಂದ ಬಂದ ಹಣವಾದರೆ ದೂರು ಬಂದಾಗ ಬ್ಯಾಂಕು ಅದನ್ನು ತಡೆಹಿಡಿಯಬಹುದು. ಕಾರ್ಡಿನ ಹಣ ಹಾಗಲ್ಲ. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಕಾರ್ಡುದಾರ ಚಾರ್ಜ್‌ಬ್ಯಾಕ್ (ಕೊಟ್ಟ ಹಣವನ್ನು ಬ್ಯಾಂಕಿನ ಮೂಲಕ ವಾಪಸ್ ಎಳೆದುಕೊಳ್ಳುವುದು) ಕೇಳಲು ಬಹುತೇಕ ಕಾರಣಗಳಿಗೆ 120 ದಿನ ಇರುತ್ತದೆ. ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್‌ನಲ್ಲಿ ತಕರಾರು ತೆಗೆಯಲು ಗಿರಾಕಿಗೆ ಇರುವುದು 180 ದಿನ. ಎಲ್ಲಕ್ಕಿಂತ ಕೆಟ್ಟದ್ದು ಚೆಕ್. ಬ್ಯಾಂಕು ಚೆಕ್ಕಿನ ಮೊತ್ತವನ್ನು ಖಾತೆಯಲ್ಲಿ ತೋರಿಸುವುದು ಒಂದು ದಿನ, ಚೆಕ್ಕು ನಿಜವಾಗಿ ಪಾಸಾಗುವುದು ಇನ್ನೊಂದು ದಿನ. ನಡುವಿನ ಈ ಅಂತರದಲ್ಲೇ ಹೆಚ್ಚು ಹಣದ ಚೆಕ್ ಕಳಿಸುವ ಮೋಸ ಬದುಕಿರುವುದು: ಬೆಲೆಗಿಂತ ಜಾಸ್ತಿ ಮೊತ್ತದ ಚೆಕ್ ಬರುತ್ತದೆ, ‘ಉಳಿದದ್ದನ್ನು ಸಾಗಣೆಯವನಿಗೆ ಕಳಿಸಿಬಿಡಿ’ ಎಂಬ ವಿನಂತಿ ಬರುತ್ತದೆ, ನೀವು ಕಳಿಸಿದ ಮೇಲೆ ಚೆಕ್ಕು ನಕಲಿ ಎಂದು ವಾಪಸಾಗುತ್ತದೆ. ಹೋದದ್ದು ನಿಮ್ಮ ಸ್ವಂತ ಹಣ. ಚೆಕ್ಕು, ಕಾರ್ಡು, ವರ್ಗಾವಣೆ ಯಾವುದೇ ಇರಲಿ, ಹೆಚ್ಚುವರಿ ಮೊತ್ತ ಬಂತೆಂದರೆ ನಾನು ಚಿಲ್ಲರೆ ವಾಪಸ್ ಕೊಡುವುದಿಲ್ಲ. ಇಡೀ ವ್ಯವಹಾರವನ್ನು ರದ್ದು ಮಾಡಿ, ಬಂದ ದಾರಿಯಲ್ಲೇ ಪೂರ್ತಿ ಮೊತ್ತ ಹಿಂದಿರುಗುವಂತೆ ನೋಡಿಕೊಳ್ಳುತ್ತೇನೆ.

ಪೇಪಾಲ್‌ನ ಬಗ್ಗೆ ಇನ್ನೊಂದು ಮಾತು. ಶುಲ್ಕ ಉಳಿಯುತ್ತದೆ ಎಂದು ‘ಸ್ನೇಹಿತರು ಮತ್ತು ಕುಟುಂಬ’ ವಿಧಾನದಲ್ಲಿ ಹಣ ತೆಗೆದುಕೊಳ್ಳುವ ಮಾರಾಟಗಾರರಿದ್ದಾರೆ. ಅದರಲ್ಲಿ ಮಾರಾಟಗಾರರ ರಕ್ಷಣೆ, ಅಂದರೆ ಸುಳ್ಳು ತಕರಾರು ಬಂದಾಗ ಪೇಪಾಲ್ ನಿಮ್ಮ ಹಣ ಕಾಯುವ ವ್ಯವಸ್ಥೆ, ಇಲ್ಲವೇ ಇಲ್ಲ. ರಕ್ಷಣೆ ಬೇಕಿದ್ದರೆ ವ್ಯವಹಾರದ ವಿವರದಲ್ಲಿರುವ ವಿಳಾಸಕ್ಕೇ ಪಾರ್ಸೆಲ್ ಹೋಗಬೇಕು, ತಲುಪಿದ್ದಕ್ಕೆ ಪುರಾವೆ ಇರಬೇಕು, 750 ಡಾಲರ್ ಅಥವಾ ಅದಕ್ಕೆ ಮೀರಿದ ಮೊತ್ತಕ್ಕೆ ಪಡೆದವರ ಸಹಿಯೂ ಬೇಕು. ಆನ್‌ಲೈನ್ ಮಾರಾಟ ತಾಣವಾದ ಇಬೇಯಲ್ಲೂ ಸಹಿಯ ಮಿತಿ 750 ಡಾಲರೇ. ಆದ್ದರಿಂದಲೇ ‘ಪೇಪಾಲ್‌ನಲ್ಲಿ ಕೊಡುತ್ತೇನೆ, ನಾನೇ ಬಂದು ವಸ್ತು ಒಯ್ಯುತ್ತೇನೆ’ ಎನ್ನುವವರಿಗೆ ನನ್ನ ಉತ್ತರ ಬೇಡ ಎಂದೇ. ಕೈಯಲ್ಲಿ ಕೊಟ್ಟ ವಸ್ತುವಿಗೆ ಟ್ರ್ಯಾಕಿಂಗ್ ಇರುವುದಿಲ್ಲ. ‘ನನಗೆ ತಲುಪಲೇ ಇಲ್ಲ’ ಎಂದು ಅವರು ಬರೆದರೆ ತೋರಿಸಲು ನನ್ನ ಬಳಿ ಏನೂ ಇರುವುದಿಲ್ಲ.

ಹಣವೇ ಬಾರದೆ ಬಂದಂತೆ ಕಾಣಿಸುವ ಮೋಸಗಳು ಸುಲಭದವು, ಅಷ್ಟೇ ಸುಲಭವಾಗಿ ತಪ್ಪಿಸಿಕೊಳ್ಳಬಹುದಾದವು. ಪಾವತಿಯ ಸ್ಕ್ರೀನ್‌ಶಾಟ್, ‘ಯಶಸ್ವಿಯಾಗಿದೆ’ ಎಂದು ಹಸಿರು ಗುರುತು ತೋರಿಸುವ ನಕಲಿ ಆ್ಯಪ್, ಬ್ಯಾಂಕಿನ ಹೆಸರಿನಲ್ಲಿ ಬರುವ ಎಸ್‌ಎಂಎಸ್, ‘ಟ್ರ್ಯಾಕಿಂಗ್ ಸಂಖ್ಯೆ ಹಾಕಿದ ಕೂಡಲೇ ನಿಮ್ಮ ಹಣ ಬಿಡುಗಡೆಯಾಗುತ್ತದೆ’ ಎನ್ನುವ ಮೇಲ್, ಇವು ಯಾವುವೂ ಹಣವಲ್ಲ. ಮೇಲ್‌ನಲ್ಲಿರುವ ಲಿಂಕನ್ನು ಒತ್ತದೆ, ನನ್ನ ಆ್ಯಪನ್ನು ನಾನೇ ತೆರೆದು ಖಾತೆಯಲ್ಲಿರುವ ಮೊತ್ತ ನೋಡುತ್ತೇನೆ. ಅಲ್ಲಿ ಇಲ್ಲದಿದ್ದರೆ ಎಲ್ಲೂ ಇಲ್ಲ. ‘ಸರ್ವರ್ ನಿಧಾನ ಇದೆ, ಸ್ವಲ್ಪ ಹೊತ್ತಿಗೆ ಬರುತ್ತದೆ’ ಎಂದರೆ ವಸ್ತುವೂ ಸ್ವಲ್ಪ ಹೊತ್ತು ನನ್ನ ಬಳಿಯೇ ಇರುತ್ತದೆ.

ಇದೇ ಸಾಲಿಗೆ ಸೇರಿದ ಇನ್ನೆರಡು ಇವೆ. ಒಂದು, ‘ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ’ ಎನ್ನುವುದು. ಸ್ಕ್ಯಾನ್ ಮಾಡಿದ ಮೇಲೆ ಆ್ಯಪು ಪಿನ್ ಕೇಳಿತೆಂದರೆ ಹಣ ನಿಮ್ಮಿಂದ ಹೊರಗೆ ಹೊರಟಿದೆ ಎಂದೇ ಅರ್ಥ. ಇನ್ನೊಂದು, ‘ನೀವು ಅಸಲಿ ಮನುಷ್ಯರೇ ಎಂದು ತಿಳಿಯಲು ಒಂದು ಕೋಡ್ ಕಳಿಸಿದ್ದೇನೆ, ಅದನ್ನು ಹೇಳಿ’ ಎನ್ನುವುದು. ಆ ಕೋಡ್ ನಿಮ್ಮ ಯಾವುದೋ ಖಾತೆಗೆ ಒಳಹೋಗುವ ಓಟಿಪಿ, ಇಲ್ಲವೇ ನಿಮ್ಮ ನಂಬರಿನಲ್ಲಿ ಅವರು ಹೊಸ ಖಾತೆ ತೆರೆಯಲು ಬೇಕಾದದ್ದು. ಇಂಥವರಿಗೆ ವಸ್ತು ಬೇಕಾಗಿಯೇ ಇರುವುದಿಲ್ಲ.

ಗಿರಾಕಿಯ ಸಂದೇಶದಲ್ಲಿ ನಾನು ಹುಡುಕುವ ಲಕ್ಷಣಗಳು ಕೆಲವೇ. ವಸ್ತುವಿನ ಹೆಸರನ್ನೇ ಹೇಳದೆ ‘ಆ ಐಟಂ ಇನ್ನೂ ಇದೆಯಾ’ ಎನ್ನುವುದು, ಸ್ಥಿತಿಯ ಬಗ್ಗೆ ಒಂದೂ ಪ್ರಶ್ನೆಯಿಲ್ಲದೆ ಹೇಳಿದ ಬೆಲೆಗೆ ಒಪ್ಪುವುದು, ಕೂಡಲೇ ಬೇರೆ ಚಾಟ್‌ಗೆ ಬನ್ನಿ ಎನ್ನುವುದು, ತಾನು ದೂರದಲ್ಲಿದ್ದೇನೆ, ಏಜೆಂಟ್ ಬಂದು ಒಯ್ಯುತ್ತಾನೆ ಎನ್ನುವುದು, ಅತಿ ವೇಗದ ಕೊರಿಯರಿಗೆ ಎಷ್ಟಾದರೂ ಕೊಡುತ್ತೇನೆ ಎನ್ನುವುದು. ಕದ್ದ ಕಾರ್ಡ್ ಹಿಡಿದವನಿಗೆ ಬೆಲೆಯ ಚಿಂತೆಯಿಲ್ಲ, ಇರುವುದು ಸಮಯದ ಚಿಂತೆ ಮಾತ್ರ. ಜುಗ್ಗತನದಿಂದ ಚೌಕಾಸಿ ಮಾಡಿ ತಲೆ ತಿನ್ನುವವರನ್ನು ಅನೇಕರು ಮೋಸಗಾರರೆಂದು ಅನುಮಾನಿಸುತ್ತಾರೆ. ನನ್ನ ಲೆಕ್ಕದಲ್ಲಿ ಅವರೇ ಹೆಚ್ಚು ನಂಬಿಕಸ್ಥರು; ತಮ್ಮ ಜೇಬಿನ ಹಣ ಕೊಡುವವರು ಮಾತ್ರ ಹಾಗೆ ಎಳೆದಾಡುತ್ತಾರೆ.

ಜಾಹೀರಾತು ಬರೆಯುವಾಗ ದೋಷಗಳನ್ನು ಹತ್ತಿರದಿಂದ ಫೋಟೋ ತೆಗೆದು ಹಾಕುತ್ತೇನೆ, ಮಾತಿನಲ್ಲೂ ಬರೆಯುತ್ತೇನೆ: ಎಲ್ಲಿ ಗೀರು, ಎಷ್ಟು ಉದ್ದ, ಯಾವ ಗುಂಡಿ ಒತ್ತಲು ಬಿಗಿ, ಬ್ಯಾಟರಿಯ ಆರೋಗ್ಯ ಎಷ್ಟು ಪ್ರತಿಶತ, ಜೊತೆಗೆ ಏನು ಬರುವುದಿಲ್ಲ. ‘ಇದ್ದ ಸ್ಥಿತಿಯಲ್ಲಿ ಮಾರಾಟ, ವಾಪಸ್ ಇಲ್ಲ’ ಎಂಬ ಸಾಲು ಕವಚ ಎಂದು ನಂಬಬೇಡಿ. ವಾಪಸ್ ಇಲ್ಲ ಎಂದು ಹಾಕಿದ್ದರೂ, ವಿವರಣೆಯಂತೆ ಇಲ್ಲ ಎಂದು ಗಿರಾಕಿ ದೂರಿದರೆ ಇಬೇ ವಾಪಸ್ ತೆಗೆದುಕೊಳ್ಳಲು ಹೇಳುತ್ತದೆ. ನಿಮ್ಮನ್ನು ಕಾಯುವುದು ಆ ಸಾಲಲ್ಲ, ಗೀರಿನ ಫೋಟೋ. ಸೀರಿಯಲ್ ಸಂಖ್ಯೆ ಮತ್ತು ಐಎಂಇಐಯನ್ನು (ಪ್ರತಿ ಫೋನಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ) ಮಾತ್ರ ಜಾಹೀರಾತಿನ ಫೋಟೋದಲ್ಲಿ ಪೂರ್ತಿ ತೋರಿಸುವುದಿಲ್ಲ. ಅದೇ ಸಂಖ್ಯೆ ಬಳಸಿ ಇನ್ನೊಬ್ಬರು ಸುಳ್ಳು ಜಾಹೀರಾತು ಹಾಕಬಹುದು. ಪೂರ್ಣ ಸಂಖ್ಯೆಯ ಫೋಟೋ ನನ್ನ ಕಡತದಲ್ಲಿರುತ್ತದೆ. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ತೆರೆಯ ಮೇಲೆ ಬರುತ್ತದೆ, ಅದನ್ನು ಹಾಗೆಯೇ ಚಿತ್ರೀಕರಿಸಿದರೆ ಸಾಕು.

ಹೆಚ್ಚಿನ ಜನ ಅವಸರ ಮಾಡುವುದು, ನಾನು ಹೆಚ್ಚು ಸಮಯ ಕೊಡುವುದು ಪ್ಯಾಕಿಂಗ್‌ಗೆ. ವಿವಾದ ಹುಟ್ಟುವುದು ಆಮೇಲೆ, ಆದರೆ ಅದು ಗೆಲ್ಲುವುದೋ ಸೋಲುವುದೋ ಇಲ್ಲೇ ತೀರ್ಮಾನವಾಗಿರುತ್ತದೆ. ಮೊದಲು ವಸ್ತುವಿಗೆ ಗುರುತು ಹಾಕುತ್ತೇನೆ: ಹಿಂಬದಿಯ ಸ್ಕ್ರೂ ತಲೆ ಮತ್ತು ಕವಚಕ್ಕೆ ಸೇರಿದಂತೆ ನೇಲ್ ಪಾಲಿಶ್‌ನ ಒಂದು ಚುಕ್ಕೆ, ಕಾಣದ ಜಾಗದಲ್ಲಿ ಯುವಿ ಪೆನ್ನಿನಿಂದ (ಇದರ ಶಾಯಿ ನೇರಳಾತೀತ ಬೆಳಕಿನಲ್ಲಿ ಮಾತ್ರ ಕಾಣುತ್ತದೆ) ಒಂದು ಗೆರೆ. ಸ್ಕ್ರೂ ತಿರುಗಿಸಿದರೆ ಚುಕ್ಕೆ ಒಡೆಯುತ್ತದೆ. ಒಳಗಿನ ಭಾಗ ಬದಲಾಯಿಸಿ ವಾಪಸ್ ಕಳಿಸಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಯುವಿ ಗೆರೆ ಇಲ್ಲದ ವಸ್ತು ವಾಪಸ್ ಬಂತೆಂದರೆ ಅದು ನನ್ನದಲ್ಲ. ಯುವಿ ಟಾರ್ಚ್ ಹಾಕಿ ಆ ಗೆರೆಯ ಫೋಟೋವನ್ನೂ ಕಳಿಸುವ ಮೊದಲೇ ತೆಗೆದಿಟ್ಟಿರಬೇಕು, ಇಲ್ಲದಿದ್ದರೆ ಆಮೇಲೆ ಹೇಳುವ ಮಾತಿಗೆ ಬೆಲೆಯಿಲ್ಲ.

ನಂತರ ಒಂದೇ ಓಟದ ವೀಡಿಯೊ, ನಡುವೆ ಕತ್ತರಿ ಇಲ್ಲ. ವಸ್ತು ಚಾಲೂ ಆಗುವುದು, ಸೀರಿಯಲ್ ಸಂಖ್ಯೆ, ಜೊತೆಗಿನ ಸಾಮಾನು, ಡಬ್ಬಿಗೆ ಇಡುವುದು, ಟೇಪು ಹಚ್ಚುವುದು, ವಿಳಾಸದ ಚೀಟಿ ಅಂಟಿಸುವುದು, ತಕ್ಕಡಿಯ ಮೇಲಿಟ್ಟು ತೂಕ ತೋರಿಸುವುದು, ಈ ಕ್ರಮದಲ್ಲಿ. ವಸ್ತುವನ್ನು ಕ್ಯಾಮೆರಾದ ಚೌಕಟ್ಟಿನಿಂದ ಒಮ್ಮೆಯೂ ಹೊರಗೆ ಬಿಡಬಾರದು. ಕೊರಿಯರ್ ಕೌಂಟರಿನಲ್ಲೂ ಮತ್ತೆ ತೂಗಿಸಿ, ತೂಕ ಅಚ್ಚಾದ ರಸೀದಿ ಕೇಳಿ ಪಡೆಯುತ್ತೇನೆ. ಖಾಲಿ ಡಬ್ಬಿ ಬಂತು, ಕಲ್ಲು ಬಂತು ಎನ್ನುವವರಿಗೆ ಈ ಮೂರನೆಯವರ ತೂಕಕ್ಕಿಂತ ಗಟ್ಟಿ ಉತ್ತರ ಇಲ್ಲ. ನಿಮ್ಮ ವೀಡಿಯೊವನ್ನು ‘ನೀವೇ ಮಾಡಿದ್ದು’ ಎಂದು ತಳ್ಳಿಹಾಕಬಹುದು, ಕೊರಿಯರ್‌ನವರ ದಾಖಲೆಯನ್ನು ಅಷ್ಟು ಸುಲಭವಾಗಿ ತಳ್ಳಲಾಗದು.

ಡಬ್ಬಿಯೊಳಗೆ ವಸ್ತುವಿನ ಸುತ್ತ ಎಲ್ಲ ಬದಿಗೂ ಕನಿಷ್ಠ 5 ಸೆಂಟಿಮೀಟರ್ ಮೆತ್ತೆ ಇರಲಿ, ಅಲ್ಲಾಡಿಸಿದರೆ ಸದ್ದು ಬರಬಾರದು. ನಡುವಿನ ಸೀಳು ಮತ್ತು ಎರಡು ತುದಿ ಅಂಚುಗಳಿಗೂ, ಮೇಲೆ ಕೆಳಗೆ ಎರಡೂ ಕಡೆ, ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ ಟೇಪು. ಸಡಿಲ ಪ್ಯಾಕಿಂಗ್ ಆದರೆ ಪ್ರಾಮಾಣಿಕ ಗಿರಾಕಿಗೂ ಒಡೆದ ವಸ್ತು ಹೋಗುತ್ತದೆ, ವಿಮೆಯ ಅರ್ಜಿಯೂ ‘ಪ್ಯಾಕಿಂಗ್ ಸರಿಯಿಲ್ಲ’ ಎಂಬ ಒಂದೇ ಮಾತಿಗೆ ಬಿದ್ದುಹೋಗುತ್ತದೆ.

ಪಾರ್ಸೆಲ್ ಹೊರಟ ಮೇಲೆ ‘ವಿಳಾಸ ಬದಲಾಗಿದೆ, ದಯವಿಟ್ಟು ಇಲ್ಲಿಗೆ ಕಳಿಸಿ’ ಎಂಬ ಸಂದೇಶ ಬಂದರೆ ಬದಲಾಯಿಸುವುದಿಲ್ಲ. ದಾಖಲೆಯ ವಿಳಾಸಕ್ಕೆ ತಲುಪದ ಪಾರ್ಸೆಲ್ಲಿಗೆ ರಕ್ಷಣೆಯೂ ಇಲ್ಲ. ಇನ್ನೂ ಹೊರಡದಿದ್ದರೆ ರದ್ದು ಮಾಡಿ, ಸರಿಯಾದ ವಿಳಾಸದಲ್ಲಿ ಮತ್ತೆ ಕೊಳ್ಳಲು ಹೇಳುತ್ತೇನೆ. ನಿಜವಾದ ಗಿರಾಕಿ ಗೊಣಗಿದರೂ ಮತ್ತೆ ಕೊಳ್ಳುತ್ತಾನೆ.

ಫೋನ್ ಮಾರುವವರಿಗೆ ಒಂದು ಪ್ರತ್ಯೇಕ ಮಾತು. ಕಳಿಸುವ ಮೊದಲು ಐಫೋನ್‌ನಲ್ಲಿ ‘ಫೈಂಡ್ ಮೈ’ (ಕಳೆದ ಫೋನ್ ಹುಡುಕುವ ಸೌಲಭ್ಯ) ಬಂದ್ ಮಾಡಿ ಆ್ಯಪಲ್ ಖಾತೆಯಿಂದ ಹೊರಬರಬೇಕು. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಖಾತೆ ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್. ಕ್ರಮ ತಪ್ಪಿದರೆ ಫೋನು ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತ ನಿಲ್ಲಬಹುದು. ಆಗ ಗಿರಾಕಿಯ ‘ಲಾಕ್ ಆಗಿದೆ, ನಡೆಯುವುದಿಲ್ಲ’ ಎಂಬ ದೂರು ನ್ಯಾಯವಾದದ್ದೇ ಆಗಿರುತ್ತದೆ. ರೀಸೆಟ್ ಆದ ಮೇಲಿನ ಸ್ವಾಗತದ ತೆರೆಯೂ ವೀಡಿಯೊದಲ್ಲಿರಲಿ.

ವಸ್ತು ತಲುಪಿದ ಮೇಲೆ ಶುರುವಾಗುವ ಆಟಗಳಲ್ಲಿ ಹೆಚ್ಚು ಕಾಣುವುದು ಅರ್ಧ ಹಣದ ಬೇಡಿಕೆ. ‘ಇಲ್ಲೊಂದು ಗೀರಿದೆ, ಇಷ್ಟು ವಾಪಸ್ ಕೊಟ್ಟರೆ ಸುಮ್ಮನಿರುತ್ತೇನೆ, ಇಲ್ಲದಿದ್ದರೆ ಕೆಟ್ಟ ವಿಮರ್ಶೆ.’ ನಾನು ಜಗಳವಾಡುವುದಿಲ್ಲ, ಕಳ್ಳ ಎನ್ನುವುದೂ ಇಲ್ಲ. ಆ ಸಂದೇಶಗಳನ್ನು ನಾಳೆ ತಾಣದ ಸಿಬ್ಬಂದಿ ಓದುತ್ತಾರೆ. ಬರೆಯುವುದು ಇಷ್ಟೇ: ‘ತೊಂದರೆಗೆ ವಿಷಾದವಿದೆ. ದೋಷದ ಫೋಟೋ, ಸೀರಿಯಲ್ ಸಂಖ್ಯೆಯ ಫೋಟೋ ಮತ್ತು ಡಬ್ಬಿಯ ಆರೂ ಬದಿಯ ಫೋಟೋ ಇಲ್ಲಿಯೇ ಕಳಿಸಿ. ವಸ್ತು ಬೇಡವಾದರೆ ತಾಣದ ಮೂಲಕ ವಾಪಸ್ ಕೋರಿಕೆ ಹಾಕಿ, ಕಳಿಸಿದ ಸ್ಥಿತಿಯಲ್ಲೇ ನನಗೆ ತಲುಪಿದ ಮೇಲೆ ಪೂರ್ತಿ ಹಣ ಹಿಂದಿರುಗಿಸುತ್ತೇನೆ.’ ವಸ್ತುವನ್ನು ಕಡಿಮೆ ಬೆಲೆಗೆ ಇಟ್ಟುಕೊಳ್ಳಬೇಕೆಂದಿದ್ದವನು ಬಹಳ ಸಲ ಇಲ್ಲಿಗೇ ಮೌನವಾಗುತ್ತಾನೆ. ನಿಜವಾಗಿ ಒಡೆದು ಹೋಗಿದ್ದರೆ ಅದೇ ಫೋಟೋಗಳು ಕೊರಿಯರ್ ವಿಮೆಗೆ ಬೇಕಾಗುತ್ತವೆ, ಹಾಗಾಗಿ ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಇಬೇಯಲ್ಲಿ ಕೋರಿಕೆ ಬಂದರೆ ಉತ್ತರಿಸಲು 3 ಕೆಲಸದ ದಿನಗಳಿರುತ್ತವೆ. ಸಿಟ್ಟಿನಿಂದ ಸುಮ್ಮನೆ ಕುಳಿತರೆ ಪ್ರಕರಣ ತಾಣದ ಕೈಗೆ ಹೋಗುತ್ತದೆ, ಪುರಾವೆ ಇದ್ದೂ ಸೋಲಬಹುದು. ರೀಫಂಡ್ ಏನಿದ್ದರೂ ಆ ಕೋರಿಕೆಯ ಒಳಗಿನಿಂದಲೇ ಕೊಡಬೇಕು. ಬೇರೆ ದಾರಿಯಲ್ಲಿ ಕಳಿಸಿದರೆ ಲೆಕ್ಕಕ್ಕೆ ಬಾರದೆ ಎರಡನೆಯ ಬಾರಿ ಕೊಡುವ ಪ್ರಸಂಗ ಬರುತ್ತದೆ.

ವಾಪಸ್ ಬಂದ ಡಬ್ಬಿಯನ್ನೂ ಕ್ಯಾಮೆರಾದ ಎದುರಿಗೇ ತೆರೆಯಬೇಕು: ಮೊದಲು ತೂಕ, ಆರೂ ಬದಿ, ಟೇಪು, ಆಮೇಲೆ ಸೀರಿಯಲ್, ನೇಲ್ ಪಾಲಿಶ್ ಚುಕ್ಕೆ, ಯುವಿ ಗೆರೆ. ಟ್ರ್ಯಾಕಿಂಗ್‌ನಲ್ಲಿ ‘ತಲುಪಿದೆ’ ಎಂದಿದ್ದೂ ಡಬ್ಬಿಯೇ ಬಾರದಿದ್ದರೆ, ಗಿರಾಕಿ ಅದೇ ಪ್ರದೇಶದ ಬೇರೊಂದು ವಿಳಾಸಕ್ಕೆ ಖಾಲಿ ಲಕೋಟೆ ಕಳಿಸಿ ತಲುಪಿದ ದಾಖಲೆ ಹುಟ್ಟಿಸಿರಬಹುದು. ಯಾವ ವಿಳಾಸಕ್ಕೆ, ಎಷ್ಟು ತೂಕದ ಪಾರ್ಸೆಲ್ ಕೊಟ್ಟಿರಿ ಎಂದು ಕೊರಿಯರ್‌ನಿಂದ ಬರಹದಲ್ಲಿ ಪಡೆದು ಅದನ್ನೇ ಪ್ರಕರಣಕ್ಕೆ ಲಗತ್ತಿಸಬೇಕು. ನಿಮ್ಮ ದೊಡ್ಡ ಯಂತ್ರದ ಹೆಸರಿನಲ್ಲಿ ಕಾಗದದ ತೂಕ ದಾಖಲಾಗಿದ್ದರೆ ವಾದವೇ ಬೇಕಿಲ್ಲ.

ಮುಖಾಮುಖಿ ಮಾರುವುದಾದರೆ ಬ್ಯಾಂಕಿನ ಒಳಗೆ ಭೇಟಿ ಇಟ್ಟುಕೊಳ್ಳುವುದು ಒಳ್ಳೆಯದು. ನಗದನ್ನು ಅಲ್ಲೇ ಜಮಾ ಮಾಡಿದರೆ ನೋಟಿನ ಪರೀಕ್ಷೆಯೂ ಆಯಿತು. ವಸ್ತುವನ್ನು ಮೇಜಿನ ಮೇಲಿಟ್ಟು ತೋರಿಸಿ, ಏಕೆಂದರೆ ಒಬ್ಬ ಮಾತಾಡಿಸುತ್ತಿರುವಾಗ ಇನ್ನೊಬ್ಬ ಬದಲಾಯಿಸುವ ಕೈಚಳಕವೂ ಇದೆ. ಹೊರಡುವ ಮುನ್ನ ಸೀರಿಯಲ್ ಸಂಖ್ಯೆ ಬರೆದ ಎರಡು ಸಾಲಿನ ರಸೀದಿಗೆ ಸಹಿ ಹಾಕಿಸಿಕೊಂಡರೆ ‘ಬೇರೆ ವಸ್ತು ಕೊಟ್ಟರು’ ಎಂಬ ಮಾತಿಗೆ ಎಡೆಯಿಲ್ಲ.

ಇಬೇಯಲ್ಲಿ 2008ರಿಂದ ಮಾರಾಟಗಾರರು ಗಿರಾಕಿಗೆ ಕೆಟ್ಟ ಅಂಕ ಕೊಡುವಂತಿಲ್ಲ. ಹಾಗಾಗಿ ಗಿರಾಕಿಯ ಹೆಸರಿನ ಮುಂದಿರುವ ಒಳ್ಳೆಯ ಅಂಕಗಳಿಂದ ಅವನ ನಡತೆ ತಿಳಿಯುವುದಿಲ್ಲ. ಅವನು ಇತರರ ಬಗ್ಗೆ ಬರೆದ ವಿಮರ್ಶೆಗಳನ್ನು ಓದಿದರೆ ಸ್ವಲ್ಪ ತಿಳಿಯುತ್ತದೆ. ಸಾಲು ಸಾಲಾಗಿ ದೂರುಗಳೇ ಇದ್ದರೆ ಹೆಸರನ್ನು ತಡೆಪಟ್ಟಿಗೆ ಸೇರಿಸಿ. ನಿಗದಿತ ಬೆಲೆಯ ಜಾಹೀರಾತಿಗೆ ‘ಕೂಡಲೇ ಪಾವತಿ’ ಆಯ್ಕೆ ಹಾಕಿ, ಹಣ ಕೊಡದೆ ಕೈಕೊಟ್ಟ ದಾಖಲೆಯಿರುವವರು ಕೊಳ್ಳದಂತೆ ಗಿರಾಕಿಗಳ ಷರತ್ತುಗಳಲ್ಲಿ ನಿರ್ಬಂಧ ಇಡಿ. ಪ್ಯಾಕಿಂಗ್ ವೀಡಿಯೊ, ರಸೀದಿ, ಸಂದೇಶಗಳು ಒಂದೊಂದು ಮಾರಾಟಕ್ಕೆ ಒಂದೊಂದು ಫೋಲ್ಡರಿನಲ್ಲಿರಲಿ. ಹೆಸರಿಗೆ ಮಾರಿದ ದಿನಾಂಕವನ್ನೇ ಇಟ್ಟರೆ, 180 ದಿನ ಕಳೆದವನ್ನು ಅಳಿಸಲು ಹುಡುಕಾಟ ಬೇಕಾಗುವುದಿಲ್ಲ.