ಹುಟ್ಟಿದ ಊರಿನ ಲೆಕ್ಕ: ಗ್ರೀನ್ ಕಾರ್ಡ್ ಸಾಲಿನ ಹಿಂದಿನ ಚರಿತ್ರೆ

ನೌಕರಿ ಮೂಲಕ ಗ್ರೀನ್ ಕಾರ್ಡಿಗೆ, ಅಂದರೆ ಅಮೆರಿಕದಲ್ಲಿ ಕಾಯಂ ನೆಲೆಸುವ ಪರವಾನಗಿಗೆ, ಕಾಯುವವರು ಮೊದಲು ತಿಳಿಯಬೇಕಾದದ್ದು ಇದು: ಸಾಲಿನಲ್ಲಿ ನಿಮ್ಮ ಜಾಗ ಪಾಸ್‌ಪೋರ್ಟಿನಿಂದಲ್ಲ, ಹುಟ್ಟಿದ ದೇಶದಿಂದ ತೀರ್ಮಾನವಾಗುತ್ತದೆ. ಹಾಸನದಲ್ಲಿ ಹುಟ್ಟಿ ಕೆನಡಾ ಪೌರತ್ವ ಪಡೆದವರೂ ಭಾರತದ ಸಾಲಿನಲ್ಲೇ ನಿಲ್ಲಬೇಕು. ಉಡುಪಿಯ ತಂದೆತಾಯಿಗೆ ದುಬೈಯಲ್ಲಿ ಹುಟ್ಟಿದ ಮಗಳು ಭಾರತದ ಪಾಸ್‌ಪೋರ್ಟ್ ಇದ್ದರೂ ಯುಎಇ ಲೆಕ್ಕಕ್ಕೆ ಸೇರುತ್ತಾಳೆ. ಅವಳ ಸಾಲು ಎಷ್ಟೋ ಚಿಕ್ಕದು.

ಈ ನಿಯಮ ಸುಮ್ಮನೆ ಬಂದದ್ದಲ್ಲ. 1917ರ ಕಾಯ್ದೆ ಏಷ್ಯಾದ ಬಹುಭಾಗವನ್ನು ಗೆರೆ ಎಳೆದು ಹೊರಗಿಟ್ಟಿತು, ಭಾರತವೂ ಅದರೊಳಗಿತ್ತು. ಮೊದಲೇ ಬಂದು ನೆಲೆಸಿದವರಿಗೂ ನೆಮ್ಮದಿ ಇರಲಿಲ್ಲ. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂದ್ ಅವರನ್ನು ಜನಸಾಮಾನ್ಯರ ತಿಳಿವಳಿಕೆಯಲ್ಲಿ ಬಿಳಿಯರೆನ್ನಲಾಗದು, ಹಾಗಾಗಿ ಪೌರತ್ವವಿಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಸರ್ಕಾರ ಕಿತ್ತುಕೊಂಡಿತು. 1946ರ ಲೂಸ್-ಸೆಲ್ಲರ್ ಕಾಯ್ದೆ ಬಾಗಿಲು ತೆರೆದದ್ದು ವರ್ಷಕ್ಕೆ ಸುಮಾರು 100 ಭಾರತೀಯರಿಗೆ. 1952ರ ಕಾಯ್ದೆಯಲ್ಲಂತೂ ಏಷ್ಯಾ ಮೂಲದವರು ಎಲ್ಲಿ ಹುಟ್ಟಿದರೂ ವಂಶದ ದೇಶಕ್ಕೇ ಎಣಿಕೆ. ಲಂಡನ್ನಿನಲ್ಲಿ ಹುಟ್ಟಿದ ಭಾರತೀಯನೂ ಆ ನೂರರೊಳಗೇ.

ಇದನ್ನು ತೆಗೆದುಹಾಕಿದ್ದು ಹಾರ್ಟ್-ಸೆಲ್ಲರ್ ಕಾಯ್ದೆ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಅದಕ್ಕೆ ಸಹಿ ಹಾಕಿದರು. ವಂಶದ ಲೆಕ್ಕ ಹೋಗಿ ಜನ್ಮಸ್ಥಳದ ಲೆಕ್ಕ ಉಳಿಯಿತು. ದುಬೈಯಲ್ಲಿ ಹುಟ್ಟಿದವಳಿಗೆ ಇವತ್ತು ಸಿಗುವ ಅನುಕೂಲ ಅಲ್ಲಿಂದ ಬಂದದ್ದು. ಕಾಯ್ದೆಯ ಹೆಸರಿನಲ್ಲಿರುವ ಎಮ್ಯಾನ್ಯುಯೆಲ್ ಸೆಲ್ಲರ್ 1924ರಲ್ಲಿ, ಅಮೆರಿಕದ ಸಂಸತ್ತಿಗೆ ಇನ್ನೂ ಹೊಸ ಸದಸ್ಯರಾಗಿದ್ದಾಗ, ಮೂಲದೇಶ ನೋಡಿ ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ ಕೊಡುವ ಕೋಟಾವನ್ನು ವಿರೋಧಿಸಿ ಮಾತಾಡಿದವರು. ಅದನ್ನು ಕೊನೆಗಾಣಿಸಲು ಅವರಿಗೆ 41 ವರ್ಷ ಹಿಡಿಯಿತು. ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾದ ಹೆಸರು ಇದು.

ಈಗಿನ ಇಕ್ಕಟ್ಟು 1990ರ ಕಾಯ್ದೆಯ ಅಂಕಿಗಳದ್ದು. ನೌಕರಿ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಯಾವ ದೇಶಕ್ಕೂ ಶೇ. 7ಕ್ಕಿಂತ ಹೆಚ್ಚಿಲ್ಲ. ಮುಖ್ಯವಾಗಿ ಉನ್ನತ ಪದವಿ ಬೇಡುವ ನೌಕರಿಗಳ ಇಬಿ-2 ವರ್ಗದ ಪಾಲು ಸುಮಾರು 40,000, ಅದರಲ್ಲಿ ಶೇ. 7 ಎಂದರೆ ಸುಮಾರು 2,800. ಗಂಡ, ಹೆಂಡತಿ, ಮಕ್ಕಳೂ ಇದೇ ಎಣಿಕೆಯಲ್ಲಿ; ನಾಲ್ವರ ಸಂಸಾರಕ್ಕೆ ನಾಲ್ಕು ಸಂಖ್ಯೆ ಖರ್ಚು. ಬೇರೆ ದೇಶಗಳು ಬಳಸದೆ ಬಿಟ್ಟದ್ದು ಹಳೆಯ ತಾರೀಖಿನವರಿಗೆ ಬರುವುದರಿಂದ ಸಾಲು ಅಷ್ಟಾದರೂ ಸರಿಯುತ್ತದೆ.

ಸಾಲಿನಲ್ಲಿ ನಿಮ್ಮ ಸರದಿ ಗುರುತಿಸುವ ಪ್ರಯಾರಿಟಿ ಡೇಟ್ ಎಂದರೆ ಕಂಪನಿ ಪರ್ಮ್ ಅರ್ಜಿ (ಈ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಎಂದು ಅಲ್ಲಿನ ಕಾರ್ಮಿಕ ಇಲಾಖೆಗೆ ಕೊಡುವುದು) ಸಲ್ಲಿಸಿದ ದಿನ. ಪರ್ಮ್ ಬೇಡದ ವರ್ಗಗಳಲ್ಲಿ ಐ-140 (ಸಾಮಾನ್ಯವಾಗಿ ನಿಮ್ಮ ಪರವಾಗಿ ಕಂಪನಿ ಹಾಕುವ ವಲಸೆ ಅರ್ಜಿ) ಸಲ್ಲಿಸಿದ ದಿನ. ಐ-140 ಮಂಜೂರಾದರೆ ಕಂಪನಿ ಬದಲಿಸಿದರೂ ಸಾಮಾನ್ಯವಾಗಿ ಆ ತಾರೀಖು ನಿಮ್ಮದೇ. ಆದ್ದರಿಂದ ಮಂಜೂರಾತಿ ಪತ್ರದ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ. ಯಾವ ತಾರೀಖಿನವರ ಸರದಿ ಬಂದಿದೆ ಎಂದು ಅಮೆರಿಕದ ವಿದೇಶಾಂಗ ಇಲಾಖೆ ತಿಳಿಸುವ ಪ್ರತಿ ತಿಂಗಳ ವೀಸಾ ಬುಲೆಟಿನ್‌ನಲ್ಲಿ ಎರಡು ಪಟ್ಟಿ ಇರುತ್ತವೆ: ಫೈನಲ್ ಆ್ಯಕ್ಷನ್ (ಕಾರ್ಡ್ ಕೊಡಬಹುದಾದ ತಾರೀಖು) ಮತ್ತು ಡೇಟ್ಸ್ ಫಾರ್ ಫೈಲಿಂಗ್ (ಅರ್ಜಿ ಹಾಕಬಹುದಾದ ತಾರೀಖು). ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿಯಾದ ಐ-485 ಸಲ್ಲಿಸಲು ಆ ತಿಂಗಳು ಯಾವ ಪಟ್ಟಿ ಅನ್ವಯ ಎಂದು ಅಮೆರಿಕದ ವಲಸೆ ಸೇವಾ ಸಂಸ್ಥೆ ಯುಎಸ್‌ಸಿಐಎಸ್ ಬೇರೆಯಾಗಿ ಹೇಳುತ್ತದೆ. ಅದನ್ನು ನೋಡದೆ ಎರಡನೆಯ ಪಟ್ಟಿ ನಂಬಿ ಕಳಿಸಿದ ಅರ್ಜಿ ವಾಪಸ್ ಬರುತ್ತದೆ. ಲೆಕ್ಕದ ವರ್ಷ ಅಕ್ಟೋಬರ್ 1ಕ್ಕೆ ಶುರು. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಸಂಖ್ಯೆ ಮುಗಿದು ತಾರೀಖು ಹಿಂದಕ್ಕೆ ಸರಿಯುವುದುಂಟು.

ತಾರೀಖು ಬಂದಾಗ ಕೈಕೊಡುವುದು ಜನನ ಪ್ರಮಾಣ ಪತ್ರ. ಹಳೆಯ ಪತ್ರಗಳಲ್ಲಿ ಎಷ್ಟೋ ಸಲ ಮಗುವಿನ ಹೆಸರಿನ ಜಾಗವೇ ಖಾಲಿ. ಊರಿನ ನಗರಸಭೆಯಲ್ಲೋ ಪಂಚಾಯಿತಿಯಲ್ಲೋ ಈಗಲೇ ಹೆಸರು ಸೇರಿಸಿ. ನೋಂದಣಿಯೇ ಆಗಿಲ್ಲವಾದರೆ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಪಡೆದು ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ತಂದೆತಾಯಿ ಅಥವಾ ಹಿರಿಯ ಬಂಧುಗಳ ಅಫಿಡವಿಟ್ ಇಡಿ. ಹುಟ್ಟಿ ವರ್ಷಗಳ ಮೇಲೆ ನೋಂದಾಯಿಸಿದ ಪತ್ರ ಒಂದನ್ನೇ ಕೊಟ್ಟರೆ ಇನ್ನಷ್ಟು ಪುರಾವೆ ಕೇಳಿ ತಿಂಗಳುಗಟ್ಟಲೆ ತಡವಾಗಬಹುದು.

ಗಂಡ ಹೆಂಡತಿಯರಲ್ಲಿ ಒಬ್ಬರು ಕುವೈತಿನಲ್ಲೋ ಮಸ್ಕತ್ತಿನಲ್ಲೋ ಹುಟ್ಟಿದ್ದರೆ ಇನ್ನೊಬ್ಬರೂ ಆ ದೇಶದ ಲೆಕ್ಕ ಕೇಳಬಹುದು. ಅದಕ್ಕೆ ಮದುವೆ ನೋಂದಣಿ ಪತ್ರವೂ ಅಲ್ಲಿನ ಜನನ ಪತ್ರವೂ ಬೇಕು. ಅರೇಬಿಕ್‌ನಲ್ಲಿದ್ದರೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ ಜೊತೆಗಿರಲಿ. ಮಕ್ಕಳ ಜನ್ಮಸ್ಥಳದ ಲೆಕ್ಕ ಮಾತ್ರ ತಂದೆತಾಯಿಗೆ ಸಿಗುವುದಿಲ್ಲ.