ಜೀವನಾಂಶದ ಆದೇಶ ಕೈಯಲ್ಲಿದೆ, ದುಡ್ಡು ಬರುತ್ತಿಲ್ಲ

ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬರುವ ಹೆಂಗಸರಲ್ಲಿ ಎಷ್ಟೋ ಜನರ ಬಳಿ ಜೀವನಾಂಶದ ಆದೇಶ ಆಗಲೇ ಇರುತ್ತದೆ. ಬಾರದಿರುವುದು ದುಡ್ಡು. ಹಾಗಾಗಿ ಪ್ಯಾರಾ ಲೀಗಲ್, ಅಂದರೆ ವಕೀಲರಲ್ಲದ ಕಾನೂನು ಸಹಾಯಕರ, ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ಬಾಕಿ ವಸೂಲಿಗೆ.

ಉಚಿತ ವಕೀಲರು ಬೇಕಾದರೆ ಆದಾಯ ಪ್ರಮಾಣಪತ್ರ ಬೇಕು ಎಂದು ಯಾರೋ ಹೇಳಿ, ನಾಡಕಚೇರಿಗೆ ಅಲೆದು ಕೂಲಿ ಕಳೆದುಕೊಂಡಿರುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಹೆಂಗಸರಿಗೆ, ಮಕ್ಕಳಿಗೆ, ಎಸ್‌ಸಿ, ಎಸ್‌ಟಿಯವರಿಗೆ ಆದಾಯದ ಮಿತಿಯೇ ಇಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸುತ್ತೇನೆ.

ಆಮೇಲೆ ನೋಡುವುದು ತಾರೀಖು. ಜೀವನಾಂಶ ಕೊಡಿಸುತ್ತಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ವಸೂಲಿಯ ಗಡುವು ಬದಲಾಗಿಲ್ಲ. ಯಾವ ತಿಂಗಳ ಹಣವೇ ಇರಲಿ, ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬೀಳದಿದ್ದರೆ ಅದಕ್ಕೆ ವಸೂಲಿ ವಾರಂಟ್ ಇಲ್ಲ. ತಿಂಗಳಿಗೆ 4,000ದಂತೆ 18 ತಿಂಗಳು ಸುಮ್ಮನಿದ್ದರೆ ಬಾಕಿ 72,000, ವಾರಂಟಿಗೆ ಸಿಗುವುದು ಸುಮಾರು 48,000. ‘ಕೊಡ್ತಾನೆ, ನೋಡೋಣ’ ಎಂದು ಹಿರಿಯರು ಕಾಯಿಸಿದ್ದರ ಬೆಲೆ ಅದು. ಒಮ್ಮೆ ಅರ್ಜಿ ಬಿದ್ದರೆ ಮುಂದಿನ ತಿಂಗಳುಗಳ ಬಾಕಿಯನ್ನು ಅದೇ ಕೇಸಿನಲ್ಲಿ ಮಧ್ಯಂತರ ಅರ್ಜಿ ಹಾಕಿ ಸೇರಿಸಬಹುದು. ಕರ್ನಾಟಕದ್ದೇ ಪ್ರಕರಣವೊಂದರಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಅರ್ಜಿಗೆ ಆದೇಶದ ದೃಢೀಕೃತ ನಕಲು ಮತ್ತು ತಿಂಗಳುವಾರು ಲೆಕ್ಕದ ಪಟ್ಟಿ ಲಗತ್ತಿಸುತ್ತೇವೆ. ‘ಒಟ್ಟು ಇಷ್ಟು ಬಾಕಿ’ ಎಂದಷ್ಟೇ ಬರೆದರೆ ಎದುರು ವಕೀಲರು ಮೊದಲು ಕೆದಕುವುದು ಅದನ್ನೇ.

ಕೇಸು ಹೆಚ್ಚು ಸಲ ನಿಲ್ಲುವುದು ವಿಳಾಸದಲ್ಲಿ. ಗಂಡ ಊರು ಬಿಟ್ಟು ಬೆಂಗಳೂರಿನಲ್ಲೋ ಗೋವಾದಲ್ಲೋ ಇರುತ್ತಾನೆ, ವಾರಂಟು ‘ಆಸಾಮಿ ಸಿಕ್ಕಿಲ್ಲ’ ಎಂಬ ಷರಾದೊಂದಿಗೆ ವಾಪಸು ಬರುತ್ತದೆ. ಕೆಲಸದ ಜಾಗ, ಮೇಸ್ತ್ರಿ ಅಥವಾ ಮಾಲೀಕನ ಹೆಸರು, ಗಾಡಿ ನಂಬರು, ಫೋಟೊ ಇವನ್ನೆಲ್ಲ ಮೊದಲೇ ಕೂಡಿಸಿಟ್ಟುಕೊಳ್ಳಬೇಕು. ಹೆಸರಿನಲ್ಲಿ ಜಮೀನಿದ್ದರೆ ಪಹಣಿ ತೆಗೆಸಿ. ಸರ್ವೆ ನಂಬರು ಕೈಯಲ್ಲಿದ್ದರೆ ಎಫ್‌ಎಲ್‌ಡಬ್ಲ್ಯೂ, ಅಂದರೆ ದಂಡದಂತೆ ವಸೂಲು ಮಾಡುವ ವಾರಂಟು, ಕೇಳುವಾಗ ಮಾತಿಗೆ ತೂಕ ಬರುತ್ತದೆ.

‘ಜೈಲಿಗೆ ಹೋಗಿ ಬಂದೆ, ಬಾಕಿ ತೀರಿತು’ ಎನ್ನುವ ಗಂಡಸರಿದ್ದಾರೆ. ತೀರುವುದಿಲ್ಲ. ಜೈಲು ವಸೂಲಿಯ ಒಂದು ದಾರಿ ಮಾತ್ರ, ಸಾಲ ತೀರಿದ ರಸೀದಿಯಲ್ಲ ಎಂಬುದು 1988ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿದೆ. ಆದರೂ ಕೂಲಿಯವನನ್ನು ಒಳಗೆ ಹಾಕಿಸಿದರೆ ಆ ತಿಂಗಳ ದುಡಿಮೆಯೂ ಹೋಗುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಕಂತು ಮೊದಲು, ಜೈಲು ಕೊನೆಗೆ.

ಕಂತಿಗೆ ಒಪ್ಪಿ ಲೋಕ ಅದಾಲತ್‌ಗೆ ಹೋದರೆ ರಾಜಿ ಪತ್ರವನ್ನು ಸಹಿಗೆ ಮುಂಚೆ ಸಾಲು ಸಾಲಾಗಿ ಓದಿಸಿಕೊಳ್ಳಿ. ಅಲ್ಲಿನ ತೀರ್ಪಿಗೆ ಅಪೀಲಿಲ್ಲ. ‘ಹಳೆಯ ಬಾಕಿ ಇಷ್ಟು’, ‘ಮುಂದೆ ಪ್ರತಿ ತಿಂಗಳು ಇಷ್ಟು’ ಎರಡನ್ನೂ ಬೇರೆ ಬೇರೆ ಬರೆಸಬೇಕು. ಬೆರೆಸಿದರೆ 50,000 ಕೊಟ್ಟವನು ಮುಂದಿನದೂ ಸೇರಿತ್ತು ಎನ್ನುತ್ತಾನೆ. ಕಂತಿನ ತಾರೀಖು, ಆಕೆಯ ಒಬ್ಬಳದೇ ಖಾತೆಯ ನಂಬರು ಪತ್ರದಲ್ಲೇ ಇರಲಿ. ನಗದು ಬೇಡ. ಕೊಟ್ಟೇಬಿಟ್ಟರೆ ಅದೇ ದಿನ ಖಾತೆಗೆ ಕಟ್ಟಿ, ಯಾವ ತಿಂಗಳದ್ದೆಂದು ಲೆಕ್ಕದ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತೇವೆ.